ಅಕ್ಕಿ ಡಬ್ಬಿಯಲ್ಲಿ ಉಪ್ಪಿನ ಕಲ್ಲು

ವಿಮಾನ ನಿಲ್ದಾಣ, ಶನಿವಾರ

“ಇದು ತಿನ್ನುವ ಪದಾರ್ಥವೇ?” ಎಂದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಅಧಿಕಾರಿ ಕೇಳಿದಾಗ ನಾನು ಹದಿನಾರು ತಾಸು ಕೂತಲ್ಲೇ ಕೂತು ಬಂದವಳು. ಕಾಲು ಬಾತಿದ್ದವು. ಕಿವಿಯಲ್ಲಿ ವಿಮಾನದ ಸದ್ದು ಇನ್ನೂ ನಿಂತಿರಲಿಲ್ಲ.

“ಉಪ್ಪು,” ಎಂದೆ.

“ಅಂದರೆ ತಿನ್ನುವುದೇ.”

“ತಿನ್ನಬಹುದು. ಆದರೆ ತಿನ್ನಲಿಕ್ಕೆ ತಂದದ್ದಲ್ಲ. ಇದು ಕಲ್ಲು.”

ಹೀಗೆಲ್ಲ ಉತ್ತರ ಕೊಡಬಾರದೆಂದು ನನಗೂ ಗೊತ್ತು. ಆದರೆ ದಣಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಆತ ಕೈಗವಸು ಹಾಕಿಕೊಂಡು ನನ್ನ ಚೀಲದಿಂದ ಅದನ್ನು ಎತ್ತಿ, ಸುತ್ತಿದ್ದ ಪ್ಲಾಸ್ಟಿಕ್ಕನ್ನು ಕತ್ತರಿಸಿ, ದೀಪಕ್ಕೆ ಹಿಡಿದ. ಗೇಣುದ್ದದ ದುಂಡನೆಯ ತುಂಡು, ಒಂದು ಮುಷ್ಟಿ ದಪ್ಪ, ಮಂಜುಗಡ್ಡೆಯ ಹಾಗೆ ಮಸುಕು ಬಿಳುಪು. ನಡುವೆ ಬೆರಳಗಲದ ಒಂದು ಕೆಂಪು ಪಟ್ಟಿ.

“ಈ ಕೆಂಪಗಿರುವುದು ಏನು?”

“ಜೇಡಿಮಣ್ಣು,” ಎಂದೆ, ಯೋಚನೆಯನ್ನೇ ಮಾಡದೆ.

ಅಲ್ಲಿಗೆ ಕೆಟ್ಟಿತು. ಹೊರದೇಶದ ಮಣ್ಣನ್ನು ಹಾಗೆಲ್ಲ ಆ ದೇಶದೊಳಗೆ ತರಲಾಗುವುದಿಲ್ಲ. ಇನ್ನೊಬ್ಬ ಅಧಿಕಾರಿ, ನನ್ನ ವಯಸ್ಸಿನ ಹೆಂಗಸು, ಬಂದರು. ನನ್ನನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಒಬ್ಬಾಕೆಯ ಮಾವಿನ ಉಪ್ಪಿನಕಾಯಿ, ಒಬ್ಬನ ಒಣಮೀನು, ನನ್ನ ಕಲ್ಲು, ಮೂರೂ ಒಂದೇ ಮೇಜಿನ ಮೇಲೆ ತೀರ್ಪಿಗೆ ಕಾದು ಮಲಗಿದ್ದವು.

“ಇದು ಮಣ್ಣೇ ಅಂತ ನಿಮಗೆ ಖಚಿತವೇ?” ಎಂದು ಆ ಹೆಂಗಸು ಕೇಳಿದರು.

ಅಲ್ಲ ಎಂದಿದ್ದರೆ ಆಗಲೇ ಬಿಡುತ್ತಿದ್ದರೇನೋ. ಆದರೆ ಅದು ಮಣ್ಣೆಂದು ನಾನೇ ಬರೆದು ಸಹಿ ಮಾಡಿದ ವರದಿ ಅದೇ ಚೀಲದಲ್ಲಿತ್ತು. “ಖಚಿತ. ಆದರೆ ಭೂಮಿಯ ಮೇಲಿನ ಮಣ್ಣಲ್ಲ, ಪಾತಾಳದ್ದು. ಇದರಲ್ಲಿ ಹುಳವಿಲ್ಲ, ಬೀಜವಿಲ್ಲ,” ಎಂದೆ. ಅವರು ಕಾಗದಪತ್ರ ಓದಿದರು, ಯಾರಿಗೋ ಫೋನ್ ಮಾಡಿದರು. ಒಂದು ತಾಸಿನ ನಂತರ ಕಲ್ಲನ್ನು ಚೀಲಕ್ಕೆ ಹಾಕಿ, ‘ಪರೀಕ್ಷೆಗಾಗಿ ತೆರೆಯಲಾಗಿದೆ’ ಎಂಬ ಚೀಟಿ ಅಂಟಿಸಿ ಕಳಿಸಿದರು. ಆ ಚೀಟಿಯ ಮಾತು ಮುಂದೆ ಬರುತ್ತದೆ.

ಕಲ್ಲಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾವಿ ಕೊರೆಯುವಲ್ಲಿ ಮೇಲೆ ಬಂದ ಕಲ್ಲನ್ನು ನೋಡಿ ಕೆಳಗೇನಿದೆ ಎಂದು ಹೇಳುವುದು ನನ್ನ ಕೆಲಸ. ರಾಜಸ್ಥಾನದ ಮರಳಿನ ಅಡಿ, ಬಹಳ ಆಳದಲ್ಲಿ, ದಪ್ಪನೆಯ ಉಪ್ಪಿನ ಪದರವಿದೆ. ಅದರೊಳಕ್ಕೆ ಬಾವಿ ಕೊರೆದು, ಕಬ್ಬಿಣದ ಪೈಪು ಇಳಿಸಿ, ಸುತ್ತ ಸಿಮೆಂಟು ತುಂಬಿ, ಆಮೇಲೆ ಸಿಹಿನೀರು ಬಿಟ್ಟರೆ ಕೆಳಗಿನ ಉಪ್ಪು ಕರಗುತ್ತದೆ. ಆ ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತ ಹೋದರೆ ಒಳಗೆ ಗೋಪುರ ಹಿಡಿಸುವಷ್ಟು ಎತ್ತರದ ಗುಹೆ ಉಳಿಯುತ್ತದೆ. ಕಷ್ಟಕಾಲಕ್ಕೆಂದು ಅದರಲ್ಲಿ ತೈಲ ತುಂಬಿಡಬಹುದು. ನಮ್ಮ ಕರಾವಳಿಯಲ್ಲಿ ಇಂಥ ಗುಹೆಗಳನ್ನು ಬಂಡೆ ಕಡಿದು ಮಾಡಿದ್ದಾರೆ. ಉಪ್ಪಿನಲ್ಲಾದರೆ ಕಡಿಯುವ ಕೆಲಸ ನೀರಿನದು.

ಪೈಪಿನ ತುದಿ ಎಲ್ಲಿ ನಿಲ್ಲಬೇಕು ಎಂಬುದೇ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಒಮ್ಮೆ ಸಿಮೆಂಟು ಹಾಕಿದರೆ ಮತ್ತೆ ಬಿಚ್ಚಲಾಗದು. ನಮ್ಮ ಪೈಪಿನ ತುದಿ ನಿಲ್ಲಬೇಕಾಗಿದ್ದ ಜಾಗದ ತುಸುವೇ ಕೆಳಗೆ ಈ ಕೆಂಪು ಪಟ್ಟಿ ಇತ್ತು. ಜೇಡಿಯಾದರೆ ಭಯವಿಲ್ಲ, ಅದು ನೀರಿಗೆ ಕರಗದೆ ಹಲಗೆಯ ಹಾಗೆ ಉಳಿಯುತ್ತದೆ. ಕಾರ್ನಲೈಟ್ ಎಂಬ ಕಹಿ ಉಪ್ಪಾದರೆ ಕಥೆಯೇ ಬೇರೆ. ಅದು ಮಾಮೂಲು ಉಪ್ಪಿಗಿಂತ ಬೇಗ ಕರಗುತ್ತದೆ. ನೀರು ಅಡ್ಡಡ್ಡಲಾಗಿ ನುಗ್ಗಿ, ಪೈಪಿನ ಬುಡದಲ್ಲೇ ಗುಹೆಯ ಸೂರು ಕಳಚಬಹುದು. ಬಾವಿಯೊಳಗೆ ಇಳಿಸಿದ ಯಂತ್ರ ಕಾಗದದ ಮೇಲೆ ಬರೆಯುವ ಗೆರೆಯಲ್ಲಿ ಜೇಡಿಗೂ ಕಹಿ ಉಪ್ಪಿಗೂ ಒಂದೇ ಥರದ ಉಬ್ಬು ಬರುತ್ತದೆ. ನಾನು ಜೇಡಿ ಎಂದು ಬರೆದಿದ್ದೆ. ಆ ಹೊತ್ತಿಗೆ ಪೈಪುಗಳು ಅದೇ ಅಳತೆಗೆ ಬಂದು ಬಿದ್ದಿದ್ದವು.

ಸ್ಯಾನ್ ಮಟಿಯೋದ ಸಣ್ಣ ಸಲಹಾ ಕಚೇರಿಯೊಂದರಲ್ಲಿ ಉಪ್ಪಿನ ಗುಹೆಗಳಲ್ಲೇ ತಲೆ ನರೆಸಿಕೊಂಡ ರೂತ್ ಎಂಬವರಿದ್ದಾರೆ. ಅವರು ನೋಡಿ ಒಪ್ಪಿದ ಮೇಲೆ ಪೈಪು ಇಳಿಸುವುದೆಂದು ತೀರ್ಮಾನವಾಗಿತ್ತು. ಬೇರೆ ತುಂಡುಗಳು ಕೊರಿಯರಿನಲ್ಲಿ ಮೊದಲೇ ಹೋಗಿದ್ದವು. ಕೆಂಪು ಪಟ್ಟಿ ಇದ್ದದ್ದು ಇದೊಂದರಲ್ಲೇ. ಅದಕ್ಕೇ ಕೂಸನ್ನು ಹೊತ್ತ ಹಾಗೆ ಹೊತ್ತು ತಂದಿದ್ದೆ.

ಸ್ಯಾನ್ ಮಟಿಯೋ, ಶನಿವಾರ ಸಂಜೆ

ಕರೆದೊಯ್ಯಲು ವಿದ್ಯಾ ಬಂದಿದ್ದಳು. ಧಾರವಾಡದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಭೂವಿಜ್ಞಾನ ಓದಿದವರು. ಅವಳು ಕಲ್ಲು ಬಿಟ್ಟು ಕಂಪ್ಯೂಟರು ಹಿಡಿದಳು. ಈಗ ದಿನಾ ರೈಲಿನಲ್ಲಿ ಮೌಂಟನ್ ವ್ಯೂಗೆ ಹೋಗಿಬರುತ್ತಾಳೆ.

“ಹೋಟೆಲ್ ಗೀಟೆಲ್ ಅಂದ್ರ ಇಲ್ಲೇ ಫ್ರೀವೇ ಮ್ಯಾಲೆ ಇಳಿಸಿ ಹೋಗ್ತೀನಿ ನೋಡ,” ಎಂದು ಮೊದಲೇ ಹೆದರಿಸಿದಳು.

ಮನೆಯಲ್ಲಿ ಅವಳ ಅತ್ತೆ ಶಾಂತವ್ವ ಇದ್ದರು. ಬಾಗಲಕೋಟೆಯವರು, ಆರು ತಿಂಗಳಿಗೆಂದು ಬಂದವರು. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅತ್ತೆ ಸೊಸೆ ಇಬ್ಬರೇ ಇದ್ದರೂ ಮನೆ ತುಂಬಿದ ಹಾಗಿತ್ತು, ಏಕೆಂದರೆ ಶಾಂತವ್ವ ಒಬ್ಬರೇ ಇದ್ದಾಗಲೂ ಮಾತಾಡುತ್ತಾರೆ, ಒಲೆಯ ಜೊತೆ, ಡಿಶ್‌ವಾಶರಿನ ಜೊತೆ, ದೇವರ ಜೊತೆ. “ಅದಕ್ಕ ಬಾಯಿ ಅದ, ತಿಕ್ಕಾಕ ಕೈ ಇಲ್ಲ, ಅದ್ಹ್ಯಾಂಗ ಪಾತ್ರಿ ತೊಳೀತದ,” ಎಂದು ಡಿಶ್‌ವಾಶರನ್ನು ಅನುಮಾನಿಸುತ್ತ, ಅದು ತೊಳೆದಿಟ್ಟದ್ದನ್ನೆಲ್ಲ ಇನ್ನೊಮ್ಮೆ ತೊಳೆಯುತ್ತಿದ್ದರು.

ಸ್ನಾನ ಮಾಡಿ ಬಂದು ಕಲ್ಲನ್ನು ಮುಟ್ಟಿದರೆ ಬೆರಳಿಗೆ ಒದ್ದೆ ತಾಗಿತು. ಸಂಜೆಯಾದರೆ ಆ ಊರಿನ ಗುಡ್ಡದಿಂದ ಮಂಜು ಇಳಿದು ಬರುತ್ತದೆ. ಉಪ್ಪಿಗೆ ಅಷ್ಟು ಸಾಕು, ಗಾಳಿಯ ಪಸೆ ಕುಡಿದು ಬೆವರತೊಡಗುತ್ತದೆ. ಮುಚ್ಚಿದ್ದ ಪ್ಲಾಸ್ಟಿಕ್ಕು ವಿಮಾನ ನಿಲ್ದಾಣದಲ್ಲೇ ಹರಿದುಹೋಗಿತ್ತು.

“ಅಕ್ಕಿಯೊಳಗ ಹುಗದ ಇಡು. ನನ್ನ ಫೋನು ನೀರಾಗ ಬಿದ್ದಾಗ ಹಂಗ ಮಾಡಿದ್ದೆ,” ಎಂದಳು ವಿದ್ಯಾ.

ಗ್ಯಾರೇಜಿನಲ್ಲಿ ನಡುಮಟ್ಟದ ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಅಕ್ಕಿ ಇತ್ತು. ಕಲ್ಲನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಮೊಣಕೈ ಮುಳುಗುವಷ್ಟು ಕೆಳಗೆ ಇಟ್ಟೆ. ಶಾಂತವ್ವನವರಿಗೆ ಹೇಳಬೇಕೆಂದು ನನಗೂ ಹೊಳೆಯಲಿಲ್ಲ, ವಿದ್ಯಾಳಿಗೂ ಹೊಳೆಯಲಿಲ್ಲ.

ಗಿಲ್‌ರಾಯ್, ಭಾನುವಾರ

ರೂತ್ ಅವರನ್ನು ಕಾಣಬೇಕಾದದ್ದು ಸೋಮವಾರ. ಭಾನುವಾರವನ್ನು ಹೇಗಾದರೂ ಕಳೆಯಬೇಕಿತ್ತು. ವಿದ್ಯಾ ನಮ್ಮಿಬ್ಬರನ್ನೂ ಗಿಲ್‌ರಾಯ್‌ಗೆ ಕರೆದೊಯ್ದಳು. ಊರು ಇನ್ನೂ ಕಾಣಿಸಿರಲಿಲ್ಲ, ಕಾರಿನ ಕಿಟಕಿಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ಬ್ಯಾಡಗಿಯ ಹತ್ತಿರ ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದರೂ ಮೆಣಸಿನಕಾಯಿಯ ಘಾಟಿನಿಂದ ಊರು ತಿಳಿಯುತ್ತದಲ್ಲ, ಹಾಗೆ.

ಅಲ್ಲಿ ಬೆಳ್ಳುಳ್ಳಿ ಐಸ್‌ಕ್ರೀಮು ಮಾರುತ್ತಾರೆ. ಶಾಂತವ್ವ ಒಂದು ಚಮಚ ಬಾಯಿಗಿಟ್ಟು, “ಒಗ್ಗರಣಿ ಹಾಕಿ ಫ್ರಿಜ್ಜಿನ್ಯಾಗ ಮರತಾರ,” ಎಂದರು. ನಗುವಷ್ಟರಲ್ಲಿ ಫೋನು ಬಂತು.

ಶೆಟ್ಟಿಯವರು ನಮ್ಮ ಕೊರೆತದ ಮುಖ್ಯಸ್ಥರು, ಕುಂದಾಪುರದವರು. ಕರಾವಳಿಯ ಬಂಡೆ ಗುಹೆಗಳಲ್ಲಿ ವರ್ಷಗಟ್ಟಲೆ ದುಡಿದು, ಈಗ ಮರಳುಗಾಡಿನಲ್ಲಿ ಮೀನಿಲ್ಲದೆ ಸೊರಗುತ್ತಿರುವವರು. “ಎಂತ ಆಯ್ತು ಮೇಡಂ? ಸಿಮೆಂಟಿನ ಗಾಡಿ ಬಂದು ನಿಂತಿದೆ. ಉಪ್ಪಿನಲ್ಲಿ ಕೊರೆದ ಬಾವಿ ಎಷ್ಟು ದಿನ ಬಾಯಿ ಬಿಟ್ಟು ನಿಲ್ತದೆ? ಉಪ್ಪಿನ ಗೋಡೆ ದಿನಾ ಒಂದಿಷ್ಟು ಒಳಗೆ ಬರ್ತಾ ಉಂಟು.”

“ನಾಳೆ ಹೇಳ್ತೀನಿ ಸರ್.”

“ಜೇಡಿಯೇ ಅಲ್ವಾ ಅದು?”

“ಜೇಡಿಯೇ.”

ಎರಡು ದಿನದಲ್ಲಿ ಆ ಮಾತನ್ನು ಎರಡನೆಯ ಸಲ ಹೇಳಿದ್ದೆ. ಸುತ್ತ ಜನ ಬೆಳ್ಳುಳ್ಳಿಯ ಜಡೆಗಳನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಸೋಮವಾರ, ಬೆಳಗಿನ ಪೂಜೆ

ಏಳು ಗಂಟೆಗೆ ಬಾಲ್ಕನಿಯಲ್ಲಿ ನಿಂತು ಮತ್ತೆ ಶೆಟ್ಟಿಯವರೊಡನೆ ಮಾತಾಡಿದೆ. ಅಲ್ಲಿ ಆಗ ಸಂಜೆ. “ನಾಳೆ ಬೆಳಿಗ್ಗೆ ಪೈಪ್ ಇಳಿಸಲಿಕ್ಕೆ ಶುರು ಮಾಡ್ತೇನೆ. ಬೇಡ ಅಂತಾದ್ರೆ ಅದರ ಮೊದಲು ಹೇಳಿ,” ಎಂದು ಇಟ್ಟುಬಿಟ್ಟರು. ಅವರ ನಾಳೆ ಬೆಳಿಗ್ಗೆ ಎಂದರೆ ನನ್ನ ಇವತ್ತು ಸಂಜೆ.

ಒಳಗೆ ಬಂದರೆ ಊದುಬತ್ತಿಯ ಘಮ. ಶಾಂತವ್ವ ಮಡಿಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ದೀಪದ ಹಾಗೆ ಬೆಳಗುತ್ತಿದ್ದರು. “ಬಾ ಸುಮಂಗಲಾ, ಕೈ ಹಿಡಿ.”

ಹಿಡಿದೆ. ತೀರ್ಥ ಹಾಕಿದರು. ಕುಡಿದೆ. ಉಪ್ಪು. ಆಮೇಲೆ, ನಾಲಿಗೆಯ ಬುಡದಲ್ಲಿ, ಕಹಿ.

“ನಿನಗೂ ಕಹಿ ಹತ್ತಿತೇನ? ನನಗೂ ಹತ್ತಿತು. ಇಲ್ಲಿ ನೀರಿಗೆ ಏನ್ ಹಾಕ್ತಾರೋ ಏನೋ,” ಎಂದವರು ದನಿ ಇಳಿಸಿದರು. “ಇವತ್ತ ಏನಾಗೇದ ಗೊತ್ತೇನ? ಅಡಗಿಮನಿಯೊಳಗಿನ ಅಕ್ಕಿ ಮುಗಿದಿದ್ವು, ಗ್ಯಾರೇಜಿನ್ಯಾಗ ತಗಿಲಿಕ್ಕ ಹೋದೆ. ಅಕ್ಕಿಯೊಳಗ ಈಶ್ವರ ಸಿಕ್ಕಾನ. ಬಿಳಿ ವಸ್ತ್ರ ಸುತಗೊಂಡು ಮಲಗಿದ್ದ. ಅದೂ ಸೋಮವಾರ.”

ದೇವರ ಮುಂದೆ ತಟ್ಟೆಯಲ್ಲಿ ನನ್ನ ಕಲ್ಲು ನಿಂತಿತ್ತು. ಮೇಲೊಂದು ಸೇವಂತಿಗೆ. ನೆತ್ತಿ ದುಂಡಾಗಿ, ನುಣುಪಾಗಿ, ಹಾಲು ಇಳಿದು, ನಿಜಕ್ಕೂ ಲಿಂಗದ ಹಾಗೇ ಕಾಣುತ್ತಿತ್ತು.

ನಾನು ಕೂಗಿದೆನೋ ಅಳತೊಡಗಿದೆನೋ ನೆನಪಿಲ್ಲ. ವಿದ್ಯಾ ಮೆಟ್ಟಿಲಿಳಿದು ಓಡಿ ಬಂದಳು. ಅವಳೇ ಅತ್ತೆಗೆ ವಿಷಯ ಹೇಳಿದ್ದು, ಇದು ದೇವರಲ್ಲ, ಸುಮಿಯ ಕೆಲಸದ ಕಲ್ಲು, ಉಪ್ಪಿನದು, ಇದನ್ನು ತೋರಿಸಲೆಂದೇ ಅವಳು ಅಷ್ಟು ದೂರದಿಂದ ಬಂದದ್ದು ಎಂದು. ಶಾಂತವ್ವನವರ ಮುಖದ ಬೆಳಕು ಕಣ್ಣೆದುರೇ ಆರಿತು. “ನಾ ಕರಗಿಸಿಬಿಟ್ಟೆನೇನ?” ಎಂದು ಒಂದೇ ಮಾತು ಕೇಳಿ ಗೋಡೆಗೆ ಒರಗಿ ಕೂತರು.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಸಿಟ್ಟು ಬಂದಿತ್ತು. ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ತುಟಿ ಕಚ್ಚಿ ಕಲ್ಲನ್ನು ಎತ್ತಿಕೊಂಡು ಒರೆಸಿದೆ. ಒರೆಸುವಾಗ ಹೆಬ್ಬೆರಳು ಒಂದು ಕಡೆ ತಗ್ಗಿಗೆ ಬಿತ್ತು.

ನಡುವಿನ ಕೆಂಪು ಪಟ್ಟಿ ಇದ್ದಲ್ಲಿ ಪಟ್ಟಿ ಇರಲಿಲ್ಲ. ಸುತ್ತಲೂ ಕೊರೆದ ಹಾಗೆ ಒಂದು ಕಾಲುವೆ ಇತ್ತು. ಮೇಲಿನ ಉಪ್ಪು, ಕೆಳಗಿನ ಉಪ್ಪು ತುಸು ಸವೆದಿದ್ದವು, ನಡುವು ಮಾತ್ರ ಒಳಕ್ಕೆ ಹೋಗಿತ್ತು.

ಜೇಡಿಯಾಗಿದ್ದರೆ ಉಪ್ಪು ಸವೆದು ಪಟ್ಟಿ ಉಬ್ಬಿ ನಿಲ್ಲಬೇಕಿತ್ತು. ತಟ್ಟೆಯ ತಳದಲ್ಲಿ ಕೆಸರು ಕೂರಬೇಕಿತ್ತು. ಕೆಸರಿರಲಿಲ್ಲ, ತೆಳ್ಳಗೆ ಕುಂಕುಮದಂಥ ಒಂದು ಲೇಪವಿತ್ತು. ಬಾಯಲ್ಲಿ ಇನ್ನೂ ಕಹಿ ಇತ್ತು.

ಧಾರವಾಡದಲ್ಲಿ ನಮ್ಮ ಮೇಷ್ಟ್ರು ಸಾಣಿಕಟ್ಟೆಯ ಉಪ್ಪಿನ ಗದ್ದೆಗೆ ಕರೆದೊಯ್ದು, ಉಪ್ಪು ತೆಗೆದ ಮೇಲೆ ಕೊನೆಯಲ್ಲಿ ಉಳಿಯುವ ಕಹಿನೀರನ್ನು ಬೆರಳದ್ದಿ ನೆಕ್ಕಿಸಿದ್ದರು. ಯಂತ್ರ ಕೆಡಬಹುದು, ನಾಲಿಗೆ ಕೆಡುವುದಿಲ್ಲ ಎನ್ನುತ್ತಿದ್ದರು. ಬಾವಿಯಿಂದ ಈ ತುಂಡು ಬಂದ ದಿನ ನಾನು ನೆಕ್ಕಿ ನೋಡಿರಲಿಲ್ಲ. ಬಣ್ಣ ಕೆಂಪಗಿತ್ತು, ಗೆರೆ ಉಬ್ಬಿತ್ತು, ಪೈಪು ಬಂದಿತ್ತು, ಎಲ್ಲರೂ ಜೇಡಿ ಎಂಬ ಉತ್ತರಕ್ಕೆ ಕಾಯುತ್ತಿದ್ದರು. ಅವರು ಕಾಯುತ್ತಿದ್ದ ಉತ್ತರವನ್ನೇ ನಾನು ಓದಿದ್ದೆ.

ಕಾರಿನಲ್ಲಿ ವಿದ್ಯಾ ಮೆಲ್ಲಗೆ ಹೇಳಿದಳು: “ಸುಮಿ, ಏರ್‌ಪೋರ್ಟಿನ್ಯಾಗ ಬಿಚ್ಚ್ಯಾರ ಅಂತ ಚೀಟಿ ಅದ ಅಲ್ಲ. ಅಲ್ಲೇ ಹಾಳಾತು ಅನ್ನು. ಯಾರು ಕೇಳ್ತಾರ? ನಿನ್ನ ಮ್ಯಾಲೂ ಬರಂಗಿಲ್ಲ, ನಮ್ಮ ಅತ್ತಿ ಮ್ಯಾಲೂ ಬರಂಗಿಲ್ಲ.”

ಒಳ್ಳೆಯ ಸುಳ್ಳು. ಸರಕಾರದ ಮುದ್ರೆ ಇದ್ದ ಸುಳ್ಳು. ಕಲ್ಲು ಹಾದಿಯಲ್ಲಿ ಹಾಳಾಯಿತು ಎಂದರೆ ಉಳಿಯುವುದು ನನ್ನ ವರದಿ. ಜೇಡಿ ಜೇಡಿಯಾಗಿಯೇ ಇರುತ್ತದೆ, ಪೈಪು ಇಳಿಯುತ್ತದೆ. ಆ ಊರಿನ ನಾಲ್ಕು ರಸ್ತೆ ಕೂಡುವಲ್ಲಿ ದೀಪವಿಲ್ಲದಿದ್ದರೂ ಎಲ್ಲ ಕಾರುಗಳೂ ನಿಂತು, ನೀವು ಮೊದಲು ಹೋಗಿ ಎಂದು ಕೈಸನ್ನೆ ಮಾಡುತ್ತವೆ. ಹುಬ್ಬಳ್ಳಿಯಲ್ಲಾದರೆ ಯೋಚಿಸಲು ಪುರಸೊತ್ತು ಸಿಗುತ್ತಿರಲಿಲ್ಲ. ಇಲ್ಲಿ ಪ್ರತಿ ತಿರುವಿನಲ್ಲೂ ಸಿಕ್ಕಿತು, ಅದೇ ಕಷ್ಟವಾಯಿತು.

ಸೋಮವಾರ, ರೂತ್ ಅವರ ಕೋಣೆ

ರೂತ್ ತೆಳ್ಳಗೆ ಎತ್ತರದ ಹೆಂಗಸು. ಕಿಟಕಿಯ ಉದ್ದಕ್ಕೂ ಬೇರೆ ಬೇರೆ ದೇಶದ ಉಪ್ಪಿನ ತುಂಡುಗಳನ್ನು ಗಾಜಿನ ಭರಣಿಗಳಲ್ಲಿ ಜೋಡಿಸಿದ್ದರು. ಅವರಿಗೆ ಒಂದು ಅಭ್ಯಾಸ: ಏನು ಹೇಳಿದರೂ “ನಿನಗೆ ಹೇಗೆ ಗೊತ್ತು?” ಎನ್ನುವುದು. ನಮ್ಮಲ್ಲಿ ಹಾಗೆ ಕೇಳಿದರೆ ಜಗಳಕ್ಕೆ ಕರೆದಂತೆ. ಅವರು ಕಾಫಿ ಬೇಕೇ ಎನ್ನುವ ದನಿಯಲ್ಲೇ ಕೇಳುತ್ತಾರೆ. ಇವತ್ತು ಹೊರಗೆ ಬಿಸಿಲಿದೆ ಎಂದರೂ ಕೇಳುತ್ತಾರೇನೋ ಎಂದು ನನಗೆ ಅನುಮಾನ.

ಸ್ಟೀಲಿನ ಡಬ್ಬಿ ತೆರೆದು ಕಲ್ಲನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ, ಹೊರಡುವ ಮುನ್ನ ತುಂಬಿಕೊಂಡಿದ್ದ ಒಂದು ಬಾಟಲಿ ತೀರ್ಥ. ಇನ್ನೊಂದು ಕೈಯಲ್ಲಿ ಆ ಚೀಟಿ. ರೂತ್ ಕಾಲುವೆಯನ್ನು ನೋಡಿದರು, ನನ್ನನ್ನು ನೋಡಿದರು.

“ಇದನ್ನು ಏನು ಮಾಡಿದೆ?”

ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದೆ. “ಪೂಜೆ,” ಎಂದೆ. ಆಮೇಲೆ ಎಲ್ಲ ಹೇಳಿದೆ, ಅಕ್ಕಿ ಡಬ್ಬಿಯಿಂದ ಸೇವಂತಿಗೆಯವರೆಗೆ. ಕೊನೆಗೆ, “ನನ್ನ ವರದಿ ತಪ್ಪು. ಇದು ಜೇಡಿಯಲ್ಲ, ಕಾರ್ನಲೈಟ್,” ಎಂದೆ.

“ನಿನಗೆ ಹೇಗೆ ಗೊತ್ತು?”

“ರುಚಿ ನೋಡಿದ್ದೇನೆ.”

ಅವರು ನಗಲಿಲ್ಲ. ಬಾಟಲಿಯ ಮುಚ್ಚಳಕ್ಕೆ ಒಂದು ಹನಿ ಹಾಕಿಕೊಂಡು ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಕೂತರು. ಆಮೇಲೆ ಪೆನ್ನು ಎತ್ತಿಕೊಂಡರು. “ಎಷ್ಟು ನೀರು ಹಾಕಿದರು? ಎಷ್ಟು ಬಿಸಿ? ಎಷ್ಟು ಹೊತ್ತು? ಇದು ಗೊತ್ತಿಲ್ಲದಿದ್ದರೆ ಇದು ಪರೀಕ್ಷೆಯಲ್ಲ, ಅಪಘಾತ.”

ನನಗೆ ಗೊತ್ತಿರಲಿಲ್ಲ. ವಿದ್ಯಾಳ ಮನೆಗೆ ಫೋನ್ ಮಾಡಿದೆ. ಶಾಂತವ್ವನವರ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. “ಎಷ್ಟ ನೀರು ಅಂದ್ರ? ನೂರಾ ಎಂಟು ಉದ್ಧರಣಿ. ನಾಮಕ್ಕ ಒಂದು. ಹೆಚ್ಚಿಲ್ಲ, ಕಡಿಮಿ ಇಲ್ಲ.”

“ಬಿಸಿ ಇತ್ತೇನ್ರೀ?”

“ಉಗುರುಬೆಚ್ಚಗ. ಇಲ್ಲಿ ಥಂಡಿ ಭಾಳ, ಈಶ್ವರಗ ಥಂಡಿ ಆಗಬಾರದಂತ.”

“ಹಾಲು?”

“ಹಾಲು ಆಮ್ಯಾಲೆ, ಒಂದ ಸಲ. ತೀರ್ಥ ಮೊದಲ ಬ್ಯಾರೆ ತಗದಿಟ್ಟಿದ್ದೆ. ಹಾಲು ಕೂಡಿದ ತೀರ್ಥ ನಾ ಕೊಡಂಗಿಲ್ಲ.”

ಉದ್ಧರಣೆ ಎಂದರೆ ಪೂಜೆಯ ಪುಟ್ಟ ಚಮಚ ಎಂದು ರೂತ್ ಅವರಿಗೆ ವಿವರಿಸಿದೆ. ಅದರ ಅಳತೆ ಬೇಕು ಎಂದರು. ಶಾಂತವ್ವ ಅಡುಗೆಯ ಅಳತೆಯ ಲೋಟ ಹುಡುಕಿ, ಹತ್ತು ಉದ್ಧರಣೆ ತುಂಬಿ, ಗುರುತು ಓದಿ ಹೇಳಿದರು. ಎರಡನೆಯ ಸಲವೂ ತುಂಬಿ ನೋಡಿದರು, ಯಾರೂ ಕೇಳದಿದ್ದರೂ. ರೂತ್ ಎಲ್ಲವನ್ನೂ ಬರೆದುಕೊಂಡರು. ನಲವತ್ತು ವರ್ಷ ಉಪ್ಪು ಕರಗಿಸಿದವರು ಬಾಗಲಕೋಟೆಯ ಹೆಂಗಸಿನ ಲೆಕ್ಕಕ್ಕೆ ತಲೆಯಾಡಿಸುವುದನ್ನು ನೋಡಿ ನನ್ನ ಬೆಳಗಿನ ಸಿಟ್ಟಿಗೆ ನಾನೇ ನಾಚಿದೆ.

ತೀರ್ಥ ಪಕ್ಕದ ಪ್ರಯೋಗಾಲಯಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕಾಗದ ಬಂತು. ಅದರಲ್ಲಿ ಬೇಕಾದಷ್ಟು ಮೆಗ್ನೀಸಿಯಮ್ಮು ಇತ್ತು. ಕಹಿ ಉಪ್ಪೇ.

“ಪೈಪು ಈ ಪಟ್ಟಿಯನ್ನು ದಾಟಿ ಕೆಳಗೆ ನಿಲ್ಲಬೇಕು,” ಎಂದರು ರೂತ್. “ಆದರೆ ಮನೆಯಲ್ಲಿ ತೊಳೆದ ಒಂದೇ ತುಂಡಿನ ಮೇಲೆ ನಾನು ಸಹಿ ಮಾಡಲಾರೆ. ಅಲ್ಲಿ ಯಾರಾದರೂ ಇನ್ನೊಂದು ಚೂರನ್ನು ನೋಡಬೇಕು. ಅಲ್ಲಿಯವರೆಗೆ ನಿಲ್ಲಿಸಲು ಹೇಳು.”

ಶೆಟ್ಟಿಯವರನ್ನು ನಿದ್ದೆಯಿಂದ ಎಬ್ಬಿಸಿದೆ. ಪೂರ್ತಿ ಕೇಳಿಸಿಕೊಂಡರು. “ಜೇಡಿ ಅಂತ ಬರೆದದ್ದು ಯಾರು?”

“ನಾನೇ ಸರ್.”

“ನಿನ್ನೆ ಕೇಳಿದಾಗಲೂ ಜೇಡಿ ಅಂತಲೇ ಹೇಳಿದ್ರಲ್ಲ. ಇವತ್ತು ಯಾರೋ ಅಜ್ಜಿ ಪೂಜೆ ಮಾಡಿದ್ರು ಅಂತ ನಾನು ರಿಗ್ ನಿಲ್ಲಿಸುದಾ?”

“ಅಲ್ಲಿ ಇನ್ನೊಂದು ಚೂರು ಸಿಕ್ಕರೆ ನೋಡಿ ಸರ್,” ಎಂದೆ. “ಬೆಳಿಗ್ಗೆ ನೋಡುವ,” ಎಂದು ಫೋನು ಇಟ್ಟರು. ನಿಲ್ಲಿಸುತ್ತೇನೆ ಎಂದು ಹೇಳಲಿಲ್ಲ.

ಮಂಗಳವಾರ

ಶೆಟ್ಟಿಯವರು ಫೋನು ಎತ್ತಲಿಲ್ಲ. ಕಚೇರಿಗೆ ಮಾಡಿದರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ. ಪೈಪು ಇಳಿಯಿತೇ ಎಂದು ಕೇಳಿದರೆ, ಗೊತ್ತಿಲ್ಲ ಮೇಡಂ.

ಮನೆಯಲ್ಲಿ ಕೂರಲಾಗದೆ ವಿದ್ಯಾಳ ಜೊತೆ ರೈಲು ಹತ್ತಿ ಮೌಂಟನ್ ವ್ಯೂಗೆ ಹೋದೆ. ಅವಳು ಆಫೀಸಿಗೆ ಹೋದ ಮೇಲೆ ಕೊಲ್ಲಿಯ ಅಂಚಿಗೆ ನಡೆದೆ. ಹಿಂದೆ ಉಪ್ಪು ಬೆಳೆಯುತ್ತಿದ್ದ ಕೊಳಗಳು ಅಲ್ಲಿವೆ, ಈಗ ಹಕ್ಕಿಗಳ ಪಾಲು. ವಿಮಾನ ಇಳಿಯುವಾಗ ದೂರದಲ್ಲಿ ಗುಲಾಬಿ, ಹಸಿರು, ಇಟ್ಟಿಗೆ ಬಣ್ಣದಲ್ಲಿ ಕಂಡ ಕೊಳಗಳೂ ಇಂಥವೇ. ಎದುರು ಬಂದವರೆಲ್ಲ ಗುರುತಿದ್ದವರ ಹಾಗೆ ನಕ್ಕು ಶುಭಾಶಯ ಹೇಳಿ, ಉತ್ತರಕ್ಕೆ ನಿಲ್ಲದೆ ಮುಂದೆ ಹೋದರು. ನಿಂತು ಕೇಳಿದ್ದರೆ ಹೇಳಿಕೊಳ್ಳಲು ನನ್ನಲ್ಲಿ ಬೇಕಾದಷ್ಟಿತ್ತು.

ಕಣ್ಣು ಮುಚ್ಚಿದರೆ ಪೈಪು ಇಳಿಯುವುದು ಕಾಣುತ್ತಿತ್ತು, ಒಂದರ ತಲೆಗೆ ಒಂದು ತಿರುಗಿಸಿ, ಕೆಳಕ್ಕೆ, ಆಮೇಲೆ ಸಿಮೆಂಟು. ಕೆಲಸ ಹೋದರೆ ಹೋಗಲಿ ಎಂದು ಮೊದಲ ಬಾರಿಗೆ ನಿಜವಾಗಿ ಅನ್ನಿಸಿತು, ಆ ಪೈಪು ಮಾತ್ರ ಇಳಿಯದಿರಲಿ.

ರಾತ್ರಿ ಊಟಕ್ಕೆ ಕೂತಾಗ ಶಾಂತವ್ವ ತಮ್ಮ ತಟ್ಟೆಗೆ ಬೇರೆ ಪಾತ್ರೆಯಿಂದ ಸಾರು ಹಾಕಿಕೊಳ್ಳುವುದನ್ನು ನೋಡಿದೆ. ನಿನ್ನೆಯೂ ಹಾಗೇ ಮಾಡಿದ್ದರು. ವಿದ್ಯಾಳನ್ನು ಕೇಳಿದರೆ, “ಉಪ್ಪು ಬಿಟ್ಟಾರ. ನಿನ್ನ ಕೆಲಸ ನೆಟ್ಟಗ ಆಗೋತನಕಾ ಉಪ್ಪು ಮುಟ್ಟಂಗಿಲ್ಲಂತ ದೇವರ ಮುಂದ ಹರಕಿ ಹೊತ್ತಾರ. ಬಿ.ಪಿ.ಗೆ ಡಾಕ್ಟರು ಎಷ್ಟ ಹೇಳಿದ್ರೂ ಬಿಟ್ಟಿರಲಿಲ್ಲ,” ಎಂದಳು.

ನಾನು ಹತ್ತಿರ ಹೋಗಿ ಕೂತೆ. “ಅವ್ವಾ, ನಿಮ್ಮಿಂದ ನನ್ನ ತಪ್ಪು ನನಗ ಗೊತ್ತಾತು. ನೀವು ಏನೂ ಹಾಳ ಮಾಡಿಲ್ಲ. ಉಪ್ಪು ತಿನ್ರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. “ನನ್ನ ಸಮಾಧಾನಕ್ಕ ಹೇಳಬ್ಯಾಡ. ನಿನಗ್ಹ್ಯಾಂಗ ಗೊತ್ತು? ಆ ಮನಷ್ಯಾ ಫೋನ್ ಮಾಡ್ಯಾನೇನ?”

ಮಾಡಿರಲಿಲ್ಲ. ಅವರು ಸಪ್ಪೆ ಸಾರನ್ನು ಅನ್ನಕ್ಕೆ ಕಲಸಿಕೊಂಡರು.

ಬುಧವಾರ

ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ಮೇಜಿನ ಮೇಲಿದ್ದ ಫೋನು ಗುರುಗುಟ್ಟಿತು. ಹೆಸರು ನೋಡಿ ನನ್ನ ಕೈ ಮುಂದೆ ಹೋಗಲಿಲ್ಲ. ವಿದ್ಯಾಳೇ ಒತ್ತಿ ಸ್ಪೀಕರಿಗೆ ಹಾಕಿದಳು.

“ಮೇಡಂ, ಕೇಳ್ತಾ ಉಂಟಾ? ಪೈಪ್ ಇಳಿಸಲಿಲ್ಲ. ಎರಡು ದಿನ ಮೇಲಿನವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಗಂಟಲು ಒಣಗಿತು, ನಿಮ್ಮ ಫೋನ್ ತೆಗೀಲಿಕ್ಕೂ ಮನಸ್ಸಿರಲಿಲ್ಲ. ಆ ಕಲ್ಲು ಇಟ್ಟಿದ್ದ ಪೆಟ್ಟಿಗೆಯ ಸಂದಿಯಲ್ಲಿ ಕೆಂಪು ಚೂರು ಒಂದು ಸಿಕ್ಕಿತು, ಕಡಲೆಯಷ್ಟು. ಲ್ಯಾಬಿಗೆ ಅರ್ಧ ಕಳಿಸಿದೆ. ಅರ್ಧ ನಾನೇ ಬಾಯಿಗೆ ಹಾಕಿಕೊಂಡೆ.”

“ಸರ್?”

“ಕಹಿ ಉಂಟು ಮಾರಾಯ್ತಿ. ವಿಷದ ಹಾಗೆ ಕಹಿ. ಲ್ಯಾಬಿನವರೂ ಈಗ ಅದನ್ನೇ ಹೇಳಿದ್ರು. ಉದ್ದದ ಪೈಪಿಗೆ ಬರೆದಾಯ್ತು. ನೀವು ಬಂದ ಮೇಲೆ ಉಂಟು ನಿಮಗೆ, ಕಮಿಟಿ ಮುಂದೆ ನಿಂತು ಎಲ್ಲ ಹೇಳಬೇಕು. ನಾನೂ ನಿಲ್ತೇನೆ, ನನ್ನ ಸಹಿಯೂ ಉಂಟಲ್ಲ ಆ ವರದಿಯ ಕೆಳಗೆ. ಆ ಅಜ್ಜಿಗೆ ಹೇಳಿ.”

ಹೇಳಬೇಕಾಗಿರಲಿಲ್ಲ. ಶಾಂತವ್ವ ಎಲ್ಲ ಕೇಳಿಸಿಕೊಂಡಿದ್ದರು. ಸೆರಗಿನ ತುದಿಯಿಂದ ಒಮ್ಮೆ ಕಣ್ಣೊತ್ತಿಕೊಂಡರು. ಆಮೇಲೆ ತಮ್ಮ ಸಪ್ಪೆ ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಕಡೆ ಕೈ ಚಾಚಿದರು.

“ಆ ಉಪ್ಪಿನ ಡಬ್ಬಿ ಈ ಕಡೆ ಸರಿಸವಾ.”